ಹೊಗೆಯ ಲೆಕ್ಕ, ದುಡ್ಡಿನ ಲೆಕ್ಕ: ಹವಾಮಾನ ಒಪ್ಪಂದಗಳಲ್ಲಿ ಯಾರ ಹೊಣೆ ಎಷ್ಟು?

ಪ್ರಶ್ನೆ: ಇಂಗಾಲದ ಹೊಗೆ ಬಿಡುವುದರಲ್ಲಿ ಚೀನಾ ಮೊದಲು, ಅಮೆರಿಕ ಎರಡನೆಯದು, ನಾವು ಮೂರನೆಯವರು. ಆದರೂ ಪ್ರತಿ ವರ್ಷ ಹವಾಮಾನ ಸಮ್ಮೇಳನಕ್ಕೆ ಹೋಗಿ ‘ಶ್ರೀಮಂತ ದೇಶಗಳು ದುಡ್ಡು ಕೊಡಬೇಕು’ ಎಂದು ಕೇಳುತ್ತೇವೆ. ಇದು ನ್ಯಾಯವೇ? ನೂರು ವರ್ಷದ ಹಿಂದೆ ಯಾರೋ ಸುಟ್ಟ ಕಲ್ಲಿದ್ದಲಿಗೆ ಇವತ್ತಿನ ಇಂಗ್ಲೆಂಡಿನ ಹುಡುಗ ಯಾಕೆ ದಂಡ ಕಟ್ಟಬೇಕು? ನಮ್ಮಲ್ಲೂ ಭಾರೀ ಸಿರಿವಂತರಿದ್ದಾರಲ್ಲ, ಅವರು ಬಡವರ ಹೆಸರು ಹೇಳಿಕೊಂಡು ಜಾರಿಕೊಳ್ಳುತ್ತಿಲ್ಲವೇ? (ಹಾಸನದಿಂದ ಓದುಗರೊಬ್ಬರು)

ಉತ್ತರ: ಕೇಳುವುದು ನ್ಯಾಯವೇ. ಆದರೆ ಭಾರತ ಮುಂದಿಡುವ ವಾದಗಳೆಲ್ಲ ಒಂದೇ ತೂಕದವಲ್ಲ. ನಿಮ್ಮ ಮೊದಲ ಪ್ರಶ್ನೆಗೆ ವಿಜ್ಞಾನವೇ ಉತ್ತರ ಕೊಡುತ್ತದೆ. ಎರಡನೆಯದಕ್ಕೆ ಕೊಂಚ ನಿಧಾನವಾಗಿ ಯೋಚಿಸಬೇಕು. ಮೂರನೆಯದರಲ್ಲಿ ನೀವು ಹೇಳಿರುವುದು ಬಹುಮಟ್ಟಿಗೆ ಸರಿ, ಅದನ್ನು ನಾವು ಒಪ್ಪಿಕೊಳ್ಳಬೇಕು.

‘ಮೂರನೆಯವರು’ ಎನ್ನುವ ಲೆಕ್ಕ ಒಂದು ವರ್ಷದ ಹೊಗೆಯದು. ಭೂಮಿ ಬಿಸಿಯಾಗುತ್ತಿರುವುದು ಒಂದು ವರ್ಷದ ಹೊಗೆಯಿಂದಲ್ಲ. ಇಂಗಾಲದ ಡೈಆಕ್ಸೈಡ್ ಒಮ್ಮೆ ಗಾಳಿಗೆ ಸೇರಿದರೆ ಅದರ ಒಂದು ದೊಡ್ಡ ಪಾಲು ನೂರಾರು ವರ್ಷ ಅಲ್ಲೇ ಉಳಿಯುತ್ತದೆ. 1900ರಲ್ಲಿ ಮ್ಯಾಂಚೆಸ್ಟರಿನ ಗಿರಣಿಯಿಂದ ಎದ್ದದ್ದರ ಒಂದು ಭಾಗ ಇವತ್ತಿಗೂ ನಮ್ಮ ತಲೆಯ ಮೇಲಿದ್ದು ಶಾಖ ಹಿಡಿದಿಟ್ಟುಕೊಳ್ಳುತ್ತಿದೆ. ಹಾಗಾಗಿ ನೋಡಬೇಕಾದದ್ದು ಒಟ್ಟು ಜಮೆಯನ್ನು. ಕಲ್ಲಿದ್ದಲು, ತೈಲ, ಅನಿಲ ಸುಟ್ಟು ಬಂದ ಇಂಗಾಲದ ಜಮೆಯಲ್ಲಿ ಅಮೆರಿಕದ ಪಾಲು ಹೆಚ್ಚುಕಡಿಮೆ ಕಾಲು ಭಾಗ. ಅಲ್ಲಿರುವುದು ಜಗತ್ತಿನ ಶೇ 4ರಷ್ಟು ಜನ. ಜಗತ್ತಿನ ಶೇ 17ಕ್ಕೂ ಹೆಚ್ಚು ಜನರಿರುವ ಭಾರತದ ಪಾಲು ಶೇ 3ರಿಂದ 4ರೊಳಗೆ.

ತಲಾ ಲೆಕ್ಕ ಹಾಕಿದರೂ ಚಿತ್ರ ಅದೇ. ಅಮೆರಿಕದಲ್ಲಿ ಒಬ್ಬರಿಗೆ ವರ್ಷಕ್ಕೆ ಸುಮಾರು 14 ಟನ್, ಚೀನಾದಲ್ಲಿ 8 ಟನ್ ಮೇಲೆ, ನಮ್ಮಲ್ಲಿ 2 ಟನ್ ಆಸುಪಾಸು. ಜಗತ್ತಿನ ಸರಾಸರಿಯೇ 5 ಟನ್ನಿಗೆ ತುಸು ಕಡಿಮೆ.

ಇನ್ನೆಷ್ಟು ಜಾಗ ಉಳಿದಿದೆ ಎಂಬುದೂ ಮುಖ್ಯ. ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನಿಗಳ ಸಮಿತಿ ಐಪಿಸಿಸಿ ತನ್ನ ಆರನೇ ವರದಿಯಲ್ಲಿ ಕೊಟ್ಟ ಲೆಕ್ಕದ ಪ್ರಕಾರ, 1850ರಿಂದ 2019ರವರೆಗೆ ಮನುಷ್ಯರು ಗಾಳಿಗೆ ಬಿಟ್ಟ ಇಂಗಾಲದ ಡೈಆಕ್ಸೈಡ್ ಸುಮಾರು 2.39 ಲಕ್ಷ ಕೋಟಿ ಟನ್. ತಾಪಮಾನದ ಏರಿಕೆ 1.5 ಡಿಗ್ರಿಯಲ್ಲಿ ನಿಲ್ಲುವ ಅರ್ಧದಷ್ಟು ಸಾಧ್ಯತೆಯಾದರೂ ಬೇಕೆಂದರೆ 2020ರಿಂದ ಮುಂದಕ್ಕೆ ಉಳಿದಿದ್ದದ್ದು 50,000 ಕೋಟಿ ಟನ್ ಮಾತ್ರ. ವರ್ಷಕ್ಕೆ ಹತ್ತಿರ ಹತ್ತಿರ 4,000 ಕೋಟಿ ಟನ್ ಬಿಡುತ್ತಿರುವಾಗ ಅದರಲ್ಲೂ ಅರ್ಧದಷ್ಟು ಈಗಾಗಲೇ ಕರಗಿದೆ. ಇನ್ನೂ ರಸ್ತೆ, ಮನೆ, ಆಸ್ಪತ್ರೆ ಕಟ್ಟಿಕೊಳ್ಳಬೇಕಾದ ದೇಶಗಳಿಗೆ ಸಿಕ್ಕಿರುವುದು ತಳ ಕಾಣುತ್ತಿರುವ ಪಾತ್ರೆ. ದೇಶ ದೇಶಗಳ ನಡುವಿನ ಜಗಳದ ಮೂಲ ಇಲ್ಲಿದೆ.

ಈಗ ಇಂಗ್ಲೆಂಡಿನ ಹುಡುಗನ ವಿಷಯ. ಅವನ ಮುತ್ತಜ್ಜನಿಗೆ ಇಂಗಾಲದ ಬಗ್ಗೆ ಏನೂ ಗೊತ್ತಿರಲಿಲ್ಲ, ನಿಜ. ತಪ್ಪಿತಸ್ಥ ಎಂಬ ಅರ್ಥದಲ್ಲಿ ಅವನನ್ನು ಯಾರೂ ದಂಡ ಕೇಳುತ್ತಿಲ್ಲ. ಆದರೆ ಆ ಕಲ್ಲಿದ್ದಲಿನಿಂದ ಕಟ್ಟಿದ ರೈಲು, ಬಂದರು, ವಿಶ್ವವಿದ್ಯಾಲಯ, ಬ್ಯಾಂಕುಗಳ ಲಾಭ ಅವನಿಗೆ ಇವತ್ತಿಗೂ ಸಲ್ಲುತ್ತಿದೆ. ಅಜ್ಜನ ಆಸ್ತಿ ಬೇಕು, ಅದರ ಮೇಲಿನ ಸಾಲ ಮಾತ್ರ ಬೇಡ ಎಂದರೆ ಯಾವ ನ್ಯಾಯಾಲಯವೂ ಒಪ್ಪುವುದಿಲ್ಲ. ‘ಗೊತ್ತಿರಲಿಲ್ಲ’ ಎಂಬ ಸಮಜಾಯಿಷಿ 1990ರ ನಂತರವಂತೂ ನಡೆಯುವುದಿಲ್ಲ. ಐಪಿಸಿಸಿಯ ಮೊದಲ ವರದಿ ಬಂದದ್ದು ಆ ವರ್ಷ. ಈ ದೊಡ್ಡ ಜಮೆಯ ಶೇ 42ರಷ್ಟು ಗಾಳಿಗೆ ಸೇರಿದ್ದು 1990ರಿಂದ 2019ರ ನಡುವೆ, ಎಲ್ಲ ಗೊತ್ತಿದ್ದ ಮೇಲೆ.

ಈ ತತ್ವವನ್ನು ಜಗತ್ತು ಕಾಗದದ ಮೇಲೆ ಒಪ್ಪಿ ಮೂವತ್ತು ವರ್ಷ ದಾಟಿದೆ. 1992ರ ರಿಯೊ ಸಮ್ಮೇಳನದಲ್ಲಿ ಸಹಿಗೆ ಬಂದ ವಿಶ್ವಸಂಸ್ಥೆಯ ಹವಾಮಾನ ಒಡಂಬಡಿಕೆಯಲ್ಲೇ ಹೊಣೆ ಎಲ್ಲರದೂ ಹೌದು, ಆದರೆ ಅವರವರ ಪಾಲು ಬೇರೆ ಬೇರೆ, ಮುಂದುವರಿದ ದೇಶಗಳು ಮೊದಲು ಹೆಜ್ಜೆ ಇಡಬೇಕು ಎಂದಿದೆ. ಇದು ತಾನಾಗಿ ಬಂದ ಔದಾರ್ಯವಲ್ಲ. ಅದಕ್ಕೂ ಮುಂಚೆ ಅಮೆರಿಕದ ಸಂಸ್ಥೆಯೊಂದು ಭಾರತ, ಚೀನಾಗಳನ್ನೂ ದೊಡ್ಡ ಹೊಣೆಗಾರರ ಪಟ್ಟಿಗೆ ಸೇರಿಸಿದಾಗ, 1991ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದ ಅನಿಲ್ ಅಗರ್ವಾಲ್ ಮತ್ತು ಸುನೀತಾ ನಾರಾಯಣ್ ಗಟ್ಟಿಯಾಗಿ ಪ್ರತಿವಾದ ಹೂಡಿದರು. ಹೊಟ್ಟೆಪಾಡಿಗೆ ಭತ್ತ ಬೆಳೆಯುವವರ ಗದ್ದೆಯಿಂದ ಏಳುವ ಮೀಥೇನನ್ನೂ ಶೋಕಿಯ ಕಾರಿನ ಹೊಗೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು ಎಂಬುದು ಅವರ ತಕರಾರು. ಇವತ್ತು ಭಾರತದ ಪ್ರತಿನಿಧಿಗಳು ಆಡುವ ಮಾತಿನ ಬೇರು ಅಲ್ಲಿದೆ.

1997ರ ಕ್ಯೋಟೊ ಒಪ್ಪಂದ ಹೊಣೆಯನ್ನು ಕೈಗಾರಿಕಾ ದೇಶಗಳ ಮೇಲೆ ಮಾತ್ರ ಹೊರಿಸಿತು. ಅವು 2008–2012ರೊಳಗೆ 1990ರ ಮಟ್ಟಕ್ಕಿಂತ ಸರಾಸರಿ ಶೇ 5.2ರಷ್ಟು ಕಡಿಮೆ ಮಾಡಬೇಕಿತ್ತು. ಬಡ ದೇಶಗಳ ಪಾಲಿಗೆ ಇದೇ ದೊಡ್ಡ ಗೆಲುವು ಎಂದು ಹೇಳುವುದು ರೂಢಿ. ನನಗೆ ಹಾಗನ್ನಿಸುವುದಿಲ್ಲ. 1990ರ ಮಟ್ಟವನ್ನೇ ಅಳತೆಗೋಲು ಮಾಡಿದಾಗ, ಅಲ್ಲಿಯವರೆಗೆ ಯಾರು ಹೆಚ್ಚು ಬಳಸಿದ್ದರೋ ಅವರ ಬಳಕೆಯೇ ಹಕ್ಕಿನ ಹಾಗೆ ಊರ್ಜಿತವಾಯಿತು. ಆಸ್ಟ್ರೇಲಿಯಾಕ್ಕಂತೂ ಶೇ 8ರಷ್ಟು ಹೆಚ್ಚಿಸಿಕೊಳ್ಳಲು ಅವಕಾಶ ಸಿಕ್ಕಿತು! ಕಾವೇರಿ ವಿವಾದ ಬಲ್ಲ ಕನ್ನಡಿಗರಿಗೆ ಈ ತರ್ಕ ಹೊಸದಲ್ಲ. ಕೆಳಗಿನವರು ಮೊದಲೇ ನೀರಾವರಿ ಮಾಡಿಕೊಂಡಿದ್ದರು, ಆದ್ದರಿಂದ ಅಷ್ಟು ನೀರು ಎಂದೆಂದಿಗೂ ಅವರದೇ ಎಂಬ ವಾದವನ್ನು ಕರ್ನಾಟಕ ದಶಕಗಳ ಕಾಲ ಎದುರಿಸಿತು. ಮದ್ರಾಸಿನ ಬ್ರಿಟಿಷ್ ಆಡಳಿತಕ್ಕೂ ಮೈಸೂರು ಸಂಸ್ಥಾನಕ್ಕೂ ಆದ 1924ರ ಒಪ್ಪಂದ ಸಮಬಲರ ನಡುವಿನದಲ್ಲ ಎಂದೂ ಹೇಳಿತು. 2018ರಲ್ಲಿ ಸುಪ್ರೀಂ ಕೋರ್ಟ್ ಬೆಂಗಳೂರಿನ ಕುಡಿಯುವ ನೀರಿನ ಅಗತ್ಯವನ್ನೂ ಪರಿಗಣಿಸಿ ನಮ್ಮ ಪಾಲಿಗೆ 14.75 ಟಿಎಂಸಿ ಅಡಿ ಹೆಚ್ಚಿಸಿತು. ಹಳೆಯ ಬಳಕೆಯ ಜೊತೆಗೆ ಇವತ್ತಿನ ಅಗತ್ಯವನ್ನೂ ತೂಗಿ ನೋಡುವ ಅಂಥ ನ್ಯಾಯಪೀಠ ಹವಾಮಾನದ ವಿಷಯದಲ್ಲಿ ಇಲ್ಲ. ಕ್ಯೋಟೊ ಮಾತುಕತೆಯ ಹೊತ್ತಿಗೇ ಬ್ರೆಜಿಲ್ ಬೇರೊಂದು ಸೂತ್ರ ಮುಂದಿಟ್ಟಿತ್ತು: ಭೂಮಿಯ ಬಿಸಿಯಲ್ಲಿ ಯಾರ ಪಾಲು ಎಷ್ಟೋ ಕಡಿತದಲ್ಲೂ ಅವರ ಪಾಲು ಅಷ್ಟೇ. ಅದನ್ನು ಅಧ್ಯಯನಕ್ಕೆಂದು ಬದಿಗಿಟ್ಟರು.

ಅಮೆರಿಕದ ಸೆನೆಟ್ ಕ್ಯೋಟೊಗೆ ಐದು ತಿಂಗಳು ಮೊದಲೇ, 95–0 ಮತಗಳಿಂದ, ಬಡ ದೇಶಗಳಿಗೂ ಅದೇ ಅವಧಿಯಲ್ಲಿ ಕಟ್ಟುಪಾಡು ಹಾಕದ ಒಪ್ಪಂದ ಬೇಡ ಎಂದು ನಿರ್ಣಯಿಸಿತ್ತು. 2001ರಲ್ಲಿ ಬುಷ್ ಸರ್ಕಾರ ಹೊರನಡೆಯಿತು. 2011ರಲ್ಲಿ ಕೆನಡಾ ಕೂಡ ಹೊರಹೋಗುವುದಾಗಿ ಪ್ರಕಟಿಸಿತು. ಯಾರಿಗೂ ಏನೂ ಶಿಕ್ಷೆಯಾಗಲಿಲ್ಲ.

2015ರ ಪ್ಯಾರಿಸ್ ಒಪ್ಪಂದ ಬಂದದ್ದು ಈ ಅನುಭವದ ಮೇಲೆ. ಅಲ್ಲಿ ಯಾವ ದೇಶಕ್ಕೂ ಮೇಲಿನಿಂದ ಗುರಿ ಹೇರಲಿಲ್ಲ, ಅವರವರ ಗುರಿಯನ್ನು ಅವರವರೇ ಬರೆದು ಕೊಡಬಹುದು. ಎಲ್ಲರೂ ಒಳಗೆ ಬಂದದ್ದು ಲಾಭ. ಯಾರು ಎಷ್ಟು ಮಾಡಿದರೆ ನ್ಯಾಯ ಎಂದು ಕೇಳುವ ಜಾಗವೇ ಇಲ್ಲವಾದದ್ದು ನಷ್ಟ. ಅದರ ಜೊತೆಗಿನ ನಿರ್ಣಯದ 51ನೇ ಪ್ಯಾರಾವನ್ನು ಆಸಕ್ತರು ಓದಬೇಕು. ಹವಾಮಾನದಿಂದಾದ ನಷ್ಟ ಮತ್ತು ಹಾನಿಯ ಬಗ್ಗೆ ಒಪ್ಪಂದದ 8ನೇ ವಿಧಿ ಮಾತಾಡುತ್ತದೆ. ಆದರೆ ಆ ವಿಧಿ ಕಾನೂನಾತ್ಮಕ ಹೊಣೆಗಾರಿಕೆಗಾಗಲಿ ಪರಿಹಾರಕ್ಕಾಗಲಿ ಆಧಾರವಾಗದು ಎಂದು ಈ ಪ್ಯಾರಾ ಸ್ಪಷ್ಟವಾಗಿ ಬರೆದಿದೆ. ಮುಳುಗುತ್ತಿರುವ ದ್ವೀಪಗಳಿಗೆ ಒಂದು ವಿಧಿ ಸಿಕ್ಕಿತು, ಅದೇ ಹೊತ್ತಿಗೆ ಅದರ ಹಲ್ಲನ್ನೂ ಕಿತ್ತರು.

ನನ್ನ ದೃಷ್ಟಿಯಲ್ಲಿ ನ್ಯಾಯ ಅನ್ಯಾಯ ನಿಜಕ್ಕೂ ತೀರ್ಮಾನವಾಗುವುದು ದುಡ್ಡಿನ ಅಧ್ಯಾಯದಲ್ಲಿ. ಸುದ್ದಿಯ ತಲೆಬರಹಗಳಲ್ಲಿ ಇದೇ ಕಾಣೆಯಾಗುತ್ತದೆ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

2009ರಲ್ಲಿ ಕೋಪನ್‌ಹೇಗನ್‌ನಲ್ಲಿ ನಡೆದ ಹವಾಮಾನ ಸಮ್ಮೇಳನದಲ್ಲಿ ಶ್ರೀಮಂತ ದೇಶಗಳು ಬಡ ದೇಶಗಳಿಗೆ 2020ರ ಹೊತ್ತಿಗೆ ವರ್ಷಕ್ಕೆ 10,000 ಕೋಟಿ ಡಾಲರ್ ಒದಗಿಸುವುದಾಗಿ ಮಾತು ಕೊಟ್ಟವು. ಈ ಮೊತ್ತ ಯಾರ ಅಗತ್ಯವನ್ನೂ ಅಳೆದು ಬಂದದ್ದಲ್ಲ, ಚೌಕಾಸಿಯಲ್ಲಿ ಕುದುರಿದ ಅಂಕಿ. ಶ್ರೀಮಂತ ದೇಶಗಳದೇ ಕೂಟವಾದ ಒಇಸಿಡಿ ಇಟ್ಟ ಲೆಕ್ಕದ ಪ್ರಕಾರ 2020ರಲ್ಲಿ ಬಂದದ್ದು 8,330 ಕೋಟಿ ಡಾಲರ್. ಗುರಿ ಮುಟ್ಟಿದ್ದು ಎರಡು ವರ್ಷ ತಡವಾಗಿ, 2022ರಲ್ಲಿ, 11,590 ಕೋಟಿ. ‘ಅಂತೂ ಕೊಟ್ಟರಲ್ಲ’ ಎನ್ನಬಹುದು. ಏನು ಕೊಟ್ಟರು ಎಂದು ನೋಡಿ. ಆ ವರ್ಷ ಸರ್ಕಾರಗಳು ಮತ್ತು ಅಭಿವೃದ್ಧಿ ಬ್ಯಾಂಕುಗಳ ಮೂಲಕ ಬಂದ ಹಣದಲ್ಲಿ ಶೇ 69ರಷ್ಟು ಸಾಲ, ಅನುದಾನ ಶೇ 28 ಮಾತ್ರ. ಒಂದು ದೇಶಕ್ಕೆ ಮೆಟ್ರೊ ಕಟ್ಟಲು 100 ಕೋಟಿ ಸಾಲ ಕೊಟ್ಟು, ಅದನ್ನು ಬಡ್ಡಿಯೊಂದಿಗೆ ವಾಪಸು ಪಡೆದರೂ, ಪುಸ್ತಕದಲ್ಲಿ ಅದು 100 ಕೋಟಿಯ ಹವಾಮಾನ ನೆರವು. ಆಕ್ಸ್‌ಫ್ಯಾಮ್ ಸಂಸ್ಥೆ ಸಾಲದ ಅಸಲು, ಬಡ್ಡಿಗಳನ್ನು ಕಳೆದು, ಉತ್ಪ್ರೇಕ್ಷೆಯ ಬಾಬ್ತುಗಳನ್ನು ತೆಗೆದು ನೋಡಿದಾಗ 2022ರ ನೆರವಿನ ನಿಜ ಬೆಲೆ 2,800ರಿಂದ 3,500 ಕೋಟಿ ಡಾಲರ್ ಎಂದಿತು. ಬೆಂಕಿ ಹಚ್ಚಿದವನು ನಂದಿಸಲು ಸಾಲ ಕೊಡುವುದನ್ನು ಹೊಣೆ ಹೊರುವುದು ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಸಾಲದ ಬಡ್ಡಿ ಇಷ್ಟು ಮುಖ್ಯವಾಗುವುದಕ್ಕೆ ಇನ್ನೊಂದು ಕಾರಣವಿದೆ. ಕಲ್ಲಿದ್ದಲಿನ ಸ್ಥಾವರಕ್ಕೆ ದಿನಾ ಇಂಧನದ ಖರ್ಚಿರುತ್ತದೆ. ಸೌರ ಸ್ಥಾವರಕ್ಕೆ ಇಂಧನವೇ ಬೇಡ, ಆದರೆ ಪೂರ್ತಿ ಬಂಡವಾಳ ಮೊದಲ ದಿನವೇ ಬೇಕು. ಹೀಗಾಗಿ ಸೌರ ವಿದ್ಯುತ್ತಿನ ದರ ಎಂದರೆ ಬಹುಪಾಲು ಬಡ್ಡಿಯ ದರವೇ. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಪ್ರಕಾರ ಬೆಳೆಯುತ್ತಿರುವ ದೇಶಗಳಲ್ಲಿ ಇಂಥ ಯೋಜನೆಗಳಿಗೆ ಬಂಡವಾಳ ತರುವ ವೆಚ್ಚ ಶ್ರೀಮಂತ ದೇಶಗಳ ಎರಡು ಪಟ್ಟಿಗೂ ಹೆಚ್ಚು. ಬಿಸಿಲು ಧಾರಾಳವಾಗಿರುವ ಆಫ್ರಿಕಾದ ದೇಶಗಳಲ್ಲಿ ಸೌರ ಫಲಕಗಳು ವಿರಳ, ಮೋಡ ಮುಸುಕಿದ ಜರ್ಮನಿಯ ಚಾವಣಿಗಳ ಮೇಲೆ ಅವು ತುಂಬಿರುವುದಕ್ಕೆ ಇದೊಂದು ದೊಡ್ಡ ಕಾರಣ.

ಸೌರಕ್ಕಾದರೂ ಸಾಲ ಹುಟ್ಟುತ್ತದೆ, ವಿದ್ಯುತ್ ಮಾರಿ ತೀರಿಸಬಹುದು. ಬರ ತಾಳುವ ತಳಿ, ಕಡಲ ತಡೆಗೋಡೆ, ಚಂಡಮಾರುತದ ಆಶ್ರಯ ಕೇಂದ್ರ ಇವುಗಳಿಂದ ಹೂಡಿದವನಿಗೆ ಕಾಸು ವಾಪಸಾಗುವುದಿಲ್ಲ. ಅದಕ್ಕೆ ಅನುದಾನವೇ ಬೇಕು, ಅದೇ ಬರುವುದಿಲ್ಲ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಅಂದಾಜಿನಂತೆ ಬಡ ಮತ್ತು ಮಧ್ಯಮ ಆದಾಯದ ದೇಶಗಳಿಗೆ, ಬದಲಾಗುತ್ತಿರುವ ಹವಾಮಾನಕ್ಕೆ ಹೊಂದಿಕೊಳ್ಳುವ ಇಂಥ ಕೆಲಸಗಳಿಗೆ 2035ರ ಹೊತ್ತಿಗೆ ವರ್ಷಕ್ಕೆ ಕನಿಷ್ಠ 31,000 ಕೋಟಿ ಡಾಲರ್ ಬೇಕು. 2023ರಲ್ಲಿ ಹೊರಗಿನಿಂದ ಬಂದ ಸರ್ಕಾರಿ ಹಣ 2,600 ಕೋಟಿ.

2024ರ ನವೆಂಬರಿನಲ್ಲಿ ಅಜರ್‌ಬೈಜಾನಿನ ಬಾಕುವಿನಲ್ಲಿ ನಡೆದ ಹವಾಮಾನ ಸಮ್ಮೇಳನದಲ್ಲಿ ಹೊಸ ಮೊತ್ತ ನಿಗದಿಯಾಯಿತು. ಬಡ ದೇಶಗಳು ಕೇಳಿದ್ದು ವರ್ಷಕ್ಕೆ 1.3 ಲಕ್ಷ ಕೋಟಿ ಡಾಲರ್. ಸಿಕ್ಕಿದ್ದು 2035ರ ಹೊತ್ತಿಗೆ ವರ್ಷಕ್ಕೆ 30,000 ಕೋಟಿ, ಅದೂ ಸರ್ಕಾರಿ, ಖಾಸಗಿ ಎಲ್ಲ ಮೂಲಗಳನ್ನು ಸೇರಿಸಿ. ಕೊನೆಯ ರಾತ್ರಿ ಭಾರತ ಮಾತಾಡಲು ಅವಕಾಶ ಕೇಳಿತ್ತು. ಆ ಮಾತಿಗೆ ಮೊದಲೇ ಅಧ್ಯಕ್ಷರು ಸುತ್ತಿಗೆ ಬಡಿದು ನಿರ್ಣಯ ಅಂಗೀಕಾರವಾಯಿತೆಂದು ಘೋಷಿಸಿದರು. ಆಮೇಲೆ ಎದ್ದು ನಿಂತ ನಮ್ಮ ಪ್ರತಿನಿಧಿ ಚಾಂದನಿ ರೈನಾ ಈ ದಾಖಲೆ ಬರೀ ಕಣ್ಕಟ್ಟು ಎಂದು ಸಭೆಯಲ್ಲೇ ಹೇಳಿದರು. ಅವರ ಮಾತು ಮುಗಿದಾಗ ಚಪ್ಪಾಳೆ ಜೋರಾಗಿತ್ತು, ನಿರ್ಣಯ ಮಾತ್ರ ಬದಲಾಗಲಿಲ್ಲ.

ನಷ್ಟ ಪರಿಹಾರದ ಕಥೆ ಇದಕ್ಕಿಂತ ದೀರ್ಘ. ಕಡಲು ಏರಿ ಆಗುವ ಹಾನಿಗೆ ಶ್ರೀಮಂತ ದೇಶಗಳ ಹಣದಿಂದ ವಿಮಾ ನಿಧಿಯೊಂದು ಬೇಕೆಂದು ಸಣ್ಣ ದ್ವೀಪ ರಾಷ್ಟ್ರಗಳ ಪರವಾಗಿ ಪೆಸಿಫಿಕ್ ಸಾಗರದ ವನವಾಟು ದೇಶ ಕೇಳಿದ್ದು 1991ರಲ್ಲಿ. ನಿಧಿಗೆ ಒಪ್ಪಿಗೆ ಸಿಕ್ಕಿದ್ದು 2022ರಲ್ಲಿ, ಈಜಿಪ್ಟಿನ ಶರ್ಮ್ ಅಲ್ ಶೇಖ್‌ನಲ್ಲಿ. ಆ ವರ್ಷವೇ ಪಾಕಿಸ್ತಾನದ ಪ್ರವಾಹ 3.3 ಕೋಟಿ ಜನರನ್ನು ತಟ್ಟಿತ್ತು, 1,700ಕ್ಕೂ ಹೆಚ್ಚು ಜನ ಸತ್ತಿದ್ದರು, ಹಾನಿ ನಷ್ಟಗಳೆರಡೂ ಸೇರಿ 3,000 ಕೋಟಿ ಡಾಲರ್ ದಾಟಿತ್ತು. ಜಗತ್ತಿನ ಹೊಗೆಯಲ್ಲಿ ಪಾಕಿಸ್ತಾನದ ಪಾಲು ಶೇ 1ಕ್ಕೂ ಕಡಿಮೆ. ಮಾರನೇ ವರ್ಷ ದುಬೈನಲ್ಲಿ ಈ ನಿಧಿಗೆ ಎಲ್ಲ ದೇಶಗಳೂ ಸೇರಿ ವಾಗ್ದಾನ ಮಾಡಿದ ಮೊತ್ತ ಸುಮಾರು 70 ಕೋಟಿ ಡಾಲರ್. ಅಮೆರಿಕದ್ದು ಅದರಲ್ಲಿ 1.75 ಕೋಟಿ. ಒಂದು ದೇಶದ ಒಂದು ಮಳೆಗಾಲದ ಹಾನಿಯ ಎದುರು ಇಟ್ಟು ನೋಡಿ.

ಸಮಾಧಾನದ ಒಂದು ಬೆಳವಣಿಗೆ ಬಂದದ್ದು ಸಮ್ಮೇಳನಗಳ ಹೊರಗಿನಿಂದ. ಪೆಸಿಫಿಕ್ ದ್ವೀಪಗಳ ಕಾನೂನು ವಿದ್ಯಾರ್ಥಿಗಳು 2019ರಲ್ಲಿ ಶುರು ಮಾಡಿದ ಒತ್ತಾಯವನ್ನು ವನವಾಟು ಸರ್ಕಾರ ವಿಶ್ವಸಂಸ್ಥೆಯವರೆಗೆ ಒಯ್ದಿತು. 2025ರ ಜುಲೈ 23ರಂದು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ, ಹವಾಮಾನವನ್ನು ಕಾಪಾಡುವುದು ದೇಶಗಳ ಕಾನೂನಾತ್ಮಕ ಕರ್ತವ್ಯ, ಅದನ್ನು ಮುರಿದರೆ ಪರಿಹಾರ ಕೊಡಬೇಕಾದ ಹೊಣೆಯೂ ಬರಬಹುದು ಎಂದು ಒಮ್ಮತದ ಅಭಿಪ್ರಾಯ ಕೊಟ್ಟಿತು. ಇದು ಸಲಹೆಯೇ ಹೊರತು ತೀರ್ಪಲ್ಲ. ಆದರೂ ದ್ವೀಪದವರು ಮೂವತ್ತು ವರ್ಷ ಬೇಡಿಕೊಂಡದ್ದನ್ನು ಇನ್ನು ಹಕ್ಕಿನ ಮಾತಾಗಿ ಆಡಬಹುದು.

ಇಷ್ಟು ಹೇಳಿದ ಮೇಲೆ ನಮ್ಮ ಕಡೆಯ ದೌರ್ಬಲ್ಯವನ್ನೂ ಹೇಳಬೇಕು. ಹಣ ಕೊಡಬೇಕಾದವರ ಪಟ್ಟಿ 1992ರದು. ಅಂದಿನ ಪಟ್ಟಿಯಲ್ಲಿ ಇಲ್ಲದ ಕಾರಣಕ್ಕೆ ಕತಾರ್, ಸೌದಿ ಅರೇಬಿಯಾ, ಸಿಂಗಪುರ, ದಕ್ಷಿಣ ಕೊರಿಯಾ ಇವತ್ತಿಗೂ ‘ಅಭಿವೃದ್ಧಿಶೀಲ’ ದೇಶಗಳು. ಕತಾರ್‌ನ ತಲಾ ಹೊಗೆ ಅಮೆರಿಕದ ಎರಡು ಪಟ್ಟಿಗೂ ಹೆಚ್ಚು. ಚೀನಾದ ತಲಾ ಹೊಗೆ ಯುರೋಪನ್ನು ದಾಟಿಯಾಗಿದೆ, ಒಟ್ಟು ಜಮೆಯಲ್ಲೂ ಅದು ಯುರೋಪಿನ ಹತ್ತಿರಕ್ಕೆ ಬಂದಿದೆ. ಸಭೆಗಳಲ್ಲಿ ಭಾರತ ಚೀನಾ, ಕೊಲ್ಲಿ ರಾಷ್ಟ್ರಗಳ ಜೊತೆ ಒಂದೇ ಬಣದಲ್ಲಿ ಕೂರುತ್ತದೆ. ಸಂಖ್ಯಾಬಲ ಬೇಕು, ಅರ್ಥವಾಗುತ್ತದೆ. ಆದರೆ 2 ಟನ್‌ನವರು 8 ಟನ್‌ನವರ ಪಕ್ಕದಲ್ಲಿ ನಿಂತು ತಲಾ ನ್ಯಾಯ ಕೇಳಿದರೆ ನಮ್ಮ ವಾದದ ಮೊನೆಯೇ ಮಂಕಾಗುತ್ತದೆ. ಚೀನಾವೂ ಕೊಲ್ಲಿ ರಾಷ್ಟ್ರಗಳೂ ಕೊಡುವವರ ಸಾಲಿಗೆ ಬರಲಿ ಎಂದು ಭಾರತವೇ ಹೇಳುವ ಕಾಲ ಬಂದಿದೆ ಎಂದು ನಾನು ನಂಬುತ್ತೇನೆ. ಹಾಗೆ ಹೇಳಿದರೆ ಯುರೋಪು, ಅಮೆರಿಕಗಳ ಹೊಣೆ ಕಿಂಚಿತ್ತೂ ಕಡಿಮೆಯಾಗುವುದಿಲ್ಲ.

ನ್ಯಾಯದ ಪ್ರಶ್ನೆ ಈಗ ವ್ಯಾಪಾರಕ್ಕೂ ಇಳಿದಿದೆ. ಉಕ್ಕು, ಅಲ್ಯೂಮಿನಿಯಂ, ಸಿಮೆಂಟ್, ಗೊಬ್ಬರ ಮುಂತಾದವನ್ನು ತಯಾರಿಸುವಾಗ ಎದ್ದ ಇಂಗಾಲಕ್ಕೆ ಯುರೋಪಿನ ಗಡಿಯಲ್ಲಿ ಸುಂಕ ಕಟ್ಟಿಸಿಕೊಳ್ಳುವ ವ್ಯವಸ್ಥೆ 2026ರ ಜನವರಿ 1ರಿಂದ ಪೂರ್ಣವಾಗಿ ಜಾರಿಗೆ ಬಂದಿದೆ. ಬಳ್ಳಾರಿ ಸೀಮೆಯ ತೋರಣಗಲ್ಲಿನಂಥ ಕಡೆ ಕಲ್ಲಿದ್ದಲಿನ ಊದುಕುಲುಮೆಯಲ್ಲಿ ಉಕ್ಕು ಮಾಡುವವರಿಗೆ ಇದು ನೇರವಾಗಿ ತಟ್ಟುವ ಸಂಗತಿ. ಭಾರತದಲ್ಲಿ ಒಂದು ಟನ್ ಉಕ್ಕಿಗೆ ಸರಾಸರಿ ಎರಡೂವರೆ ಟನ್ ಇಂಗಾಲದ ಡೈಆಕ್ಸೈಡ್ ಏಳುತ್ತದೆ. ಯುರೋಪಿನ ತರ್ಕ ಪೂರ್ತಿ ತಪ್ಪೆನ್ನಲಾರೆ, ತಮ್ಮ ಕಾರ್ಖಾನೆಗಳಿಗೆ ಹಾಕಿದ ಬೆಲೆಯನ್ನು ಹೊರಗಿನವರಿಗೂ ಹಾಕುತ್ತಿದ್ದಾರೆ. ತಪ್ಪಿರುವುದು ಹೀಗೆ ಬಂದ ಹಣ ಅವರದೇ ಬೊಕ್ಕಸಕ್ಕೆ ಹೋಗುವುದರಲ್ಲಿ. ಅದನ್ನು ಬಡ ದೇಶಗಳ ಕುಲುಮೆಗಳನ್ನು ಬದಲಿಸಲು ಮರಳಿಸಿದರೆ ನಮ್ಮ ಆಕ್ಷೇಪದಲ್ಲಿ ಅರ್ಧ ಬಿದ್ದುಹೋಗುತ್ತದೆ.

ಕೊನೆಗೆ ನಿಮ್ಮ ಮೂರನೇ ಪ್ರಶ್ನೆ. ಜಗತ್ತಿನ ಮೇಲಿನ ಶೇ 10ರಷ್ಟು ಕುಟುಂಬಗಳ ಬಳಕೆಯಿಂದ ಶೇ 34ರಿಂದ 45ರಷ್ಟು ಹಸಿರುಮನೆ ಅನಿಲ ಬರುತ್ತದೆ, ಕೆಳಗಿನ ಅರ್ಧ ಜನರಿಂದ ಶೇ 13ರಿಂದ 15 ಎಂದು ಐಪಿಸಿಸಿ ಹೇಳುತ್ತದೆ. ಆ ಮೇಲಿನ ಸಾಲಿನಲ್ಲಿ ಭಾರತೀಯರೂ ಇದ್ದಾರೆ. ನಮ್ಮ ಸರಾಸರಿ 2 ಟನ್ ಇರುವುದು ಕಟ್ಟಿಗೆ ಒಲೆ ಉರಿಸುವ, ಬಸ್ಸಿಗೆ ಕಾಯುವ ಕೋಟ್ಯಂತರ ಜನರ ದೆಸೆಯಿಂದ. ಆ ಸರಾಸರಿಯ ಲಾಭ ಮೂರು ಕಾರಿನ ಮನೆಗೂ ಸಿಗುತ್ತಿದೆ.

ಇದಕ್ಕೆ ದೂರದ ಉದಾಹರಣೆ ಬೇಕಿಲ್ಲ. ತುಮಕೂರು ಜಿಲ್ಲೆಯ ಪಾವಗಡದ ಸೌರ ಪಾರ್ಕ್ 2,050 ಮೆಗಾವಾಟ್ ಸಾಮರ್ಥ್ಯದ್ದು, ಸುಮಾರು 13,000 ಎಕರೆಯಲ್ಲಿ ಹರಡಿದೆ. ಭೂಮಿಯನ್ನು ಕಿತ್ತುಕೊಳ್ಳಲಿಲ್ಲ, ರೈತರಿಂದ ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಪದೇ ಪದೇ ಬರ ಕಂಡ ತಾಲ್ಲೂಕಿನಲ್ಲಿ ಭೂಮಾಲೀಕರಿಗೆ ಇದು ಒಳ್ಳೆಯ ವ್ಯವಸ್ಥೆಯೇ, ದೇಶದ ಬೇರೆ ಕಡೆಯವರೂ ನೋಡಿ ಕಲಿಯುವಂಥದ್ದು. ಆದರೆ ತಿರುಮಣಿ, ವಳ್ಳೂರಿನಂಥ ಊರುಗಳಲ್ಲಿ ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ, ಬೀಳು ಭೂಮಿಯಲ್ಲಿ ಕುರಿ ಮೇಯಿಸುತ್ತಿದ್ದವರಿಗೆ ಗುತ್ತಿಗೆಯಲ್ಲಿ ಪಾಲಿಲ್ಲ. ಹೊಲಕ್ಕೆ ಬೇಲಿ ಬಿದ್ದ ಮೇಲೆ ಕೂಲಿಯೂ ಹೋಯಿತು, ಮೇವೂ ಹೋಯಿತು. ಜಗತ್ತಿಗೆ ಒಳ್ಳೆಯದಾಗಲೆಂದು ಮಾಡಿದ ಕೆಲಸದ ಖರ್ಚು ಏನೂ ಇಲ್ಲದವರ ತಲೆಗೆ ಬಂತು. ವನವಾಟು ಶ್ರೀಮಂತ ದೇಶಗಳ ಮುಂದೆ ಇಡುವ ದೂರೂ ಇದೇ ತಾನೆ?

ರಾಯಚೂರಿನ ಶಕ್ತಿನಗರದಲ್ಲಿ ನಾಳೆ ಇದೇ ಪ್ರಶ್ನೆ ಏಳುತ್ತದೆ. 1985ರಿಂದ ರಾಜ್ಯಕ್ಕೆ ವಿದ್ಯುತ್ ಕೊಟ್ಟ ಅಲ್ಲಿನ ಕಲ್ಲಿದ್ದಲು ಘಟಕಗಳು ಒಂದೊಂದಾಗಿ ನಿಲ್ಲುವ ದಿನ ಬಂದೇ ಬರುತ್ತದೆ. ಕಾಯಂ ನೌಕರರಿಗೆ ವರ್ಗಾವಣೆ, ಪಿಂಚಣಿ ಇರುತ್ತದೆ. ಗುತ್ತಿಗೆ ಕಾರ್ಮಿಕರು, ಬೂದಿ ಸಾಗಿಸುವ ಲಾರಿಯವರು, ಗೇಟಿನೆದುರು ಹೋಟೆಲ್ ಇಟ್ಟವರಿಗೆ ಏನಿದೆ? ದಕ್ಷಿಣ ಆಫ್ರಿಕಾ ಕಲ್ಲಿದ್ದಲಿನಿಂದ ಹೊರಬರಲೆಂದು 2021ರಲ್ಲಿ ಶ್ರೀಮಂತ ದೇಶಗಳು 850 ಕೋಟಿ ಡಾಲರ್ ಘೋಷಿಸಿದವು. ಅದರಲ್ಲಿ ಅನುದಾನದ ಭಾಗ ತೀರಾ ಸಣ್ಣದು, ಬಹುಪಾಲು ಸಾಲ. 2025ರಲ್ಲಿ ಅಮೆರಿಕ ಅದರಿಂದಲೂ ಹಿಂದೆ ಸರಿಯಿತು. ಹೊರಗಿನ ಹಣ ನಂಬಿ ಶಕ್ತಿನಗರದ ಕಾರ್ಮಿಕರಿಗೆ ಮಾತು ಕೊಡಲಾಗದು.

ಆದ್ದರಿಂದ ನಿಮಗೆ ನನ್ನ ಉತ್ತರ ಇದು. ಬಾಕುವಿನಲ್ಲಿ ಭಾರತ ಕೇಳಿದ್ದು ಸರಿಯಾಗಿತ್ತು, ಮುಂದೆಯೂ ಕೇಳಬೇಕು, ಸಾಲವನ್ನು ನೆರವೆಂದು ಬರೆದುಕೊಳ್ಳುವುದಕ್ಕೆ ಇನ್ನೂ ಜೋರಾಗಿ ಆಕ್ಷೇಪಿಸಬೇಕು. ಅದರ ಜೊತೆಗೆ, ಸೌರ ಪಾರ್ಕಿನ ಗುತ್ತಿಗೆ ಹಣದಲ್ಲಿ ಭೂರಹಿತರಿಗೂ ಒಂದು ಪಾಲು ಎಂದು ನಿಯಮ ಮಾಡುವುದಕ್ಕೆ ಯಾವ ಅಂತರರಾಷ್ಟ್ರೀಯ ಒಪ್ಪಿಗೆಯೂ ಬೇಕಿಲ್ಲ. ಅದು ವಿಧಾನಸೌಧದ ಕೈಯಲ್ಲೇ ಇದೆ. ಮುಂದಿನ ದೊಡ್ಡ ಪಾರ್ಕಿಗೆ ಜಾಗ ಗುರುತಿಸುವ ಮೊದಲು ಈ ನಿಯಮ ಬರಬೇಕು. ನಿಮ್ಮ ಶಾಸಕರಿಗೆ ಪತ್ರ ಬರೆಯುವುದಾದರೆ ಇದನ್ನೇ ಕೇಳಿ.